ಹಟ್ಟಿಯಲ್ಲಿ ಹರಕೆಯ ಟಗರು, ನಾವು ಲಂಕೆಯಲ್ಲಿ

ಹೊರಡುವ ಮುನ್ನ

ನಮ್ಮ ಅತ್ತೆ ಚಿಕ್ಕತಾಯಮ್ಮನವರ ಪಾಸ್‌ಪೋರ್ಟ್ ಬಂದ ದಿನ ಹರವೆ ಹೋಬಳಿಯ ನಮ್ಮ ಸಣ್ಣ ಊರಿನಲ್ಲಿ ಸುದ್ದಿಯಾದದ್ದು ಅವರು ವಿದೇಶಕ್ಕೆ ಹೋಗುತ್ತಾರೆ ಎಂಬುದಲ್ಲ. ಅವರು ಹೋದರೆ ಟಗರನ್ನು ನೋಡಿಕೊಳ್ಳುವವರು ಯಾರು ಎಂಬುದು.

ಆದ್ದರಿಂದ ಟಗರಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಹಿಂದಿನ ಮಳೆಗಾಲದಲ್ಲಿ ನನ್ನ ಮಗಳು ಸಿಂಚನಾಗೆ ಡೆಂಗಿ ಜ್ವರ ಬಂತು. ನಾನು ಬದನಗುಪ್ಪೆಯ ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ನನ್ನ ಗಂಡನೂ ಊರಲ್ಲಿರಲಿಲ್ಲ, ಅತ್ತೆ ಹೊಲಕ್ಕೆ ಹೋಗಿದ್ದರು. ಪಕ್ಕದ ಮನೆಯ ಕೆಂಪಮ್ಮ ತನ್ನ ಮಗನ ಗೂಡ್ಸ್ ಆಟೋದಲ್ಲಿ ಕುಳಿತು, ಮಗುವಿನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರದ ಆಸ್ಪತ್ರೆ ಮುಟ್ಟಿಸಿದಳು. ನಾನು ಓಡಿಹೋಗಿ ನೋಡಿದಾಗ ಮಗು ಕಣ್ಣು ಬಿಡುತ್ತಿರಲಿಲ್ಲ. ಅತ್ತೆ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಕೈಮುಗಿದು ನಿಂತಿದ್ದರು. ದೇವರ ಪಟವೂ ಇಲ್ಲದ ಬರಿ ಗೋಡೆ ಅದು.

"ಅವ್ವಾ ಮಾರಮ್ಮ, ಕೂಸ ಉಳಿಸ್ಕೊಡು. ನಿನ್ನ ಗುಡಿ ಮುಂದ ಟಗರು ಕೊಯ್ಯಿಸ್ತೀನಿ. ಕೇರಿಗೆಲ್ಲ ಊಟ ಆಕ್ತೀನಿ."

ಕೂಸು ಉಳಿಯಿತು. ಅತ್ತೆ ತೆರಕಣಾಂಬಿ ಸಂತೆಗೆ ಹೋಗಿ ಒಂದು ಟಗರು ಮರಿ ತಂದರು. ಮಾರಮ್ಮನ ಹಬ್ಬದ ಹೊತ್ತಿಗೆ ಅದು ಬೆಳೆಯಬೇಕಿತ್ತು, ಬೆಳೆಯಿತು. ಅತ್ತೆ ಅದಕ್ಕೆ ಹೆಸರಿಡಲಿಲ್ಲ. ಸಿಂಚನಾ ಇಡಲು ಹೋದಾಗ ಗದರಿಸಿದರು. "ಹೆಸ್ರಿಟ್ರ ಕೊಯ್ಯಾಕಾಗಲ್ಲ ಕಣಮ್ಮಿ. ಅದು ಅವ್ವಂದು. 'ಅದು' ಅಂದ್ರ ಸಾಕು." ಆದರೆ ಬಾಳೆಹಣ್ಣಿನ ಸಿಪ್ಪೆ, ಸೊಪ್ಪಿನ ದಂಟು, ಪಾತ್ರೆಯ ತಳದಲ್ಲುಳಿದ ಅನ್ನ, ಎಲ್ಲವೂ ಮೊದಲು 'ಅದಕ್ಕೆ'. ಅತ್ತೆ ನಲ್ಲಿಗೆ ಹೋದರೆ ಹಿಂದೆಯೇ ಅದೂ ಹೋಗುತ್ತಿತ್ತು. ಕೊಡ ತುಂಬುವವರೆಗೂ ಅವರ ಸೀರೆಯ ಅಂಚು ಮೂಸುತ್ತ ನಿಲ್ಲುತ್ತಿತ್ತು.

ನಮ್ಮ ಕಡೆಯ ಪದ್ಧತಿ ತಿಳಿಯದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಹರಕೆಯ ಟಗರನ್ನು ಗುಡಿಯ ಮುಂದೆ ನಿಲ್ಲಿಸಿ ಪೂಜಾರಿ ಅದರ ಬೆನ್ನ ಮೇಲೆ ಅರಿಶಿನದ ನೀರು ಹಾಕುತ್ತಾನೆ. ಅದು ಮೈ ಒದರಿ ನೀರು ಕೊಡವಿದರೆ ಅವ್ವ ಒಪ್ಪಿದಳು ಎಂದು ಅರ್ಥ, ಕತ್ತಿ ಏಳುತ್ತದೆ. ಮೂರು ಸಲ ನೀರು ಹಾಕಿದರೂ ಒದರದೆ ನಿಂತರೆ ಅವ್ವನಿಗೆ ಬೇಡ ಎಂದು ಲೆಕ್ಕ. ಅಂಥ ಟಗರನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಬೆನ್ನ ಮೇಲೆ ನೀರು ಬಿದ್ದರೆ ಯಾವ ಟಗರು ತಾನೇ ಕೊಡವದೆ ಇರುತ್ತದೆ? ನಾನು ಈ ಮನೆಗೆ ಬಂದ ಮೇಲೆ ಹಾಗೆ ಉಳಿದದ್ದನ್ನು ಒಂದನ್ನೂ ನೋಡಿರಲಿಲ್ಲ.

ಹೀಗಿರುವಾಗ ಕಾರ್ಖಾನೆಯವರು ನನ್ನನ್ನು ತರಬೇತಿಗೆಂದು ಶ್ರೀಲಂಕಾಕ್ಕೆ ಕಳಿಸಲು ತೀರ್ಮಾನಿಸಿದರು. ಒಬ್ಬಳನ್ನೇ ಕಳಿಸಲು ನನ್ನ ಗಂಡನಿಗೆ ಮನಸ್ಸಿಲ್ಲ. ಅವರಿಗೆ ರಜೆಯೂ ಇಲ್ಲ. "ನಾನೋಯ್ತೀನಿ ಬುಡು," ಎಂದರು ಅತ್ತೆ, ಗುಂಡ್ಲುಪೇಟೆಗೆ ಬಸ್ ಹತ್ತುವವರ ಹಾಗೆ. ತಾಳವಾಡಿಯ ನೆಂಟರ ಬಾಯಲ್ಲಿ ಅವರು ಲಂಕೆಯ ಕದಿರ್ಗಾಮದ ಮುರುಗನ ಹೆಸರು ಕೇಳಿದ್ದರು. ತರಬೇತಿ ಮುಗಿದ ಮೇಲೆ ಅಲ್ಲಿಗೆ ಕರೆದುಕೊಂಡು ಹೋಗಬೇಕು ಎಂಬ ಷರತ್ತು ಹಾಕಿದರು.

ಟಗರನ್ನು ಕೆಂಪಮ್ಮ ವಹಿಸಿಕೊಂಡಳು. "ನೀ ಓಗ್ಬಾ ಚಿಕ್ತಾಯಿ. ಬರೋವೊತ್ತಿಗ ಹೆಂಗ್ ಮೇಯಿಸಿರ್ತೀನಿ ನೋಡು, ಕೊಬ್ಬು ಬರ್ಬೇಕಲ್ಲ!" ಎಂದು ನಕ್ಕಳು. ಅತ್ತೆ ನಗಲಿಲ್ಲ.

ಕೊಲಂಬೊ: ರಾಗಿಹಿಟ್ಟಿನ ತಪಾಸಣೆ

ವಿಮಾನ ನಿಲ್ದಾಣದಲ್ಲಿ ಅತ್ತೆಯ ಚೀಲ ತೆರೆಸಿದರು. ರಾಗಿಹಿಟ್ಟು, ಹುರುಳಿ ಚಟ್ನಿಪುಡಿ, ಒಂದು ಪೊಟ್ಟಣ ವಿಭೂತಿ. ಬಿಳಿಯ ಪುಡಿಯನ್ನು ಹಿಡಿದು ಅಧಿಕಾರಿಯಾದ ಹೆಂಗಸು ನನ್ನ ಮುಖ ನೋಡಿದರು. ನಾನು ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದೆ. ಅತ್ತೆ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ತೆಗೆದು ತಮ್ಮ ಹಣೆಗೆ ಬಳಿದುಕೊಂಡರು. ಇನ್ನೊಂದು ಚಿಟಿಕೆಯನ್ನು ಆ ಹೆಂಗಸಿನ ಹಣೆಗೆ ಹಚ್ಚಲು ಕೈ ಎತ್ತಿದರು. ಆಕೆ ತಲೆ ಬಗ್ಗಿಸಿದರು. ರಾಗಿಹಿಟ್ಟನ್ನು ಮೂಸಿ, "ಕುರಕ್ಕನ್" ಎಂದು ನಕ್ಕರು. ಅಲ್ಲಿ ರಾಗಿಗೆ ಅದೇ ಹೆಸರು. ಅವರ ಊರಲ್ಲೂ ಬೆಳೆಯುತ್ತಾರಂತೆ.

ತರಬೇತಿಯ ದಿನಗಳ ಬಗ್ಗೆ ಹೇಳುವಂಥದ್ದೇನಿಲ್ಲ. ಹೊಲಿಗೆ ಯಂತ್ರಗಳು ಎಲ್ಲ ದೇಶದಲ್ಲೂ ಒಂದೇ ಸದ್ದು ಮಾಡುತ್ತವೆ. ಸಂಜೆ ನಾನು ರೂಮಿಗೆ ಬರುವಷ್ಟರಲ್ಲಿ ಅತ್ತೆ ಕೆಂಪಮ್ಮನಿಗೆ ವಿಡಿಯೋ ಕಾಲ್ ಹಚ್ಚಿ ಕಾಯುತ್ತಿರುತ್ತಿದ್ದರು. ಮಗನ ಕ್ಷೇಮ, ಮೊಮ್ಮಗಳ ಕ್ಷೇಮ ಆದ ಮೇಲೆ ಗಂಟಲು ಸರಿಮಾಡಿಕೊಂಡು, "ಅದ್ಕ ನೀರ್ ಮಡಗಿದ್ಯಾ?" ಎನ್ನುವರು. ಕೆಂಪಮ್ಮ ಫೋನನ್ನು ಟಗರಿನ ಮೂತಿಗೆ ಹಿಡಿಯುತ್ತಿದ್ದಳು. ತೆರೆಯ ತುಂಬ ಮೂಗಿನ ಹೊಳ್ಳೆ. ಅತ್ತೆ ನೋಡಿ, ಫೋನನ್ನು ನನ್ನ ಕೈಗೆ ಕೊಡುತ್ತಿದ್ದರು.

ರಸ್ತೆಗೆ ಅಡ್ಡ ನಿಂತವರು

ಕದಿರ್ಗಾಮಕ್ಕೆ ಹೊರಟದ್ದು ವೈಶಾಖ ಹುಣ್ಣಿಮೆಯ ದಿನ. ಬುದ್ಧ ಹುಟ್ಟಿದ್ದು, ಜ್ಞಾನ ಪಡೆದದ್ದು, ತೀರಿಹೋದದ್ದು, ಮೂರೂ ಅದೇ ಹುಣ್ಣಿಮೆಯಲ್ಲಿ ಎಂದು ಅವರ ನಂಬಿಕೆ. ಮನೆಮನೆಯ ಮುಂದೆ ಕಾಗದದ ಗೂಡುದೀಪಗಳು ತೂಗುತ್ತಿದ್ದವು. ವ್ಯಾನ್ ಓಡಿಸಿದವರು ಸುನಿಲ್ ಎಂಬ ಸಿಂಹಳದವರು. ವಯಸ್ಸು ಐವತ್ತರ ಹತ್ತಿರ. ಹಿಂದೆ ಚಹಾ ತೋಟದಲ್ಲಿ ಲಾರಿ ಓಡಿಸುತ್ತಿದ್ದಾಗ ತಮಿಳು ಕಲಿತಿದ್ದರು. ನಮ್ಮ ಅತ್ತೆಗೂ ಗಡಿಯ ತಮಿಳು ಬರುತ್ತದೆ, ನನಗೂ ಅಷ್ಟಿಷ್ಟು. ಹೀಗಾಗಿ ಇಬ್ಬರೂ ತಪ್ಪು ತಪ್ಪು ತಮಿಳಿನಲ್ಲಿ ಧಾರಾಳವಾಗಿ ಮಾತಾಡಿದರು. ಅದನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಒಂದು ಊರಿನಲ್ಲಿ ಹುಡುಗರ ಗುಂಪು ಬಾವುಟ ಬೀಸುತ್ತ ರಸ್ತೆಗೆ ಅಡ್ಡ ಬಂತು. ಅತ್ತೆಗೆ ತಕ್ಷಣ ಅರ್ಥವಾಯಿತು. ಗಣೇಶನ ಹಬ್ಬದಲ್ಲಿ ನಮ್ಮ ಕಡೆ ಹೀಗೇ ರಸ್ತೆಗೆ ಹಗ್ಗ ಕಟ್ಟುತ್ತಾರಲ್ಲ! "ಚಂದಾ ವಸೂಲಿ ಕಣಮ್ಮಿ, ಗಾಜ್ ಇಳಿಸ್ಬ್ಯಾಡ!" ಎಂದು ಕೈಚೀಲವನ್ನು ಸೀರೆಯೊಳಗೆ ತುರುಕಿಕೊಂಡು, ಕಿಟಕಿಯಾಚೆಯವರಿಗೆ ಕೇಳುವಂತೆ ಬೈಯತೊಡಗಿದರು. "ದುಡುದು ತಿನ್ರುಲಾ, ದೇವ್ರ ಹೆಸ್ರೇಳ್ಕಂಡು ದಾರೀಲಿ ವೋಗೋರ್ನ ಸುಲೀಬ್ಯಾಡ್ರುಲಾ!"

ಸುನಿಲ್ ವ್ಯಾನ್ ನಿಲ್ಲಿಸಿ ಬಾಗಿಲು ತೆಗೆದೇಬಿಟ್ಟರು. ಹುಡುಗರು ಹಣ ಕೇಳಲಿಲ್ಲ. ಅತ್ತೆಯ ಕೈ ಹಿಡಿದು ಇಳಿಸಿ, ಚಪ್ಪರದ ಕೆಳಗೆ ಕೂರಿಸಿ, ಅನ್ನ, ಬೇಳೆ, ಹಲಸಿನಕಾಯಿ ಪಲ್ಯ ಬಡಿಸಿದರು. ಅದಕ್ಕೆ 'ದಾನಸಲ' ಎಂದು ಹೆಸರಂತೆ. ಹುಣ್ಣಿಮೆಯಲ್ಲಿ ಊರೂರಿನವರು ಸೇರಿ ಅಡುಗೆ ಮಾಡುತ್ತಾರೆ. ದಾರಿಹೋಕ ಯಾರೇ ಆಗಲಿ, ಬಿಡದೆ ನಿಲ್ಲಿಸಿ ಉಣ್ಣಿಸುತ್ತಾರೆ. ಹಸಿದಿದ್ದಾರೋ ಇಲ್ಲವೋ, ಯಾವ ಜನ, ಯಾವ ದೇವರು, ಒಂದನ್ನೂ ಕೇಳುವುದಿಲ್ಲ. ನಮ್ಮ ಪಕ್ಕದ ಬೆಂಚಿನಲ್ಲಿ ಟೋಪಿ ಹಾಕಿದ ಸಾಬರೊಬ್ಬರು ಮಕ್ಕಳೊಂದಿಗೆ ಉಣ್ಣುತ್ತಿದ್ದರು.

ಅತ್ತೆ ಬೈದದ್ದು ಆ ಹುಡುಗರಿಗೆ ಅರ್ಥವಾಗಿರಲಿಲ್ಲ. ಆದರೂ ಅತ್ತೆಯ ಮುಖ ಸಣ್ಣದಾಗಿತ್ತು. ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು, ಬಡಿಸಿದ ಹುಡುಗನ ಗಲ್ಲ ನೀವಿ ಲಟಿಗೆ ಮುರಿದರು.

ವ್ಯಾನ್ ಹೊರಟ ಮೇಲೆ ಕೇಳಿದರು. "ಸವಿತಾ, ಇವ್ರು ಬಾಡಿಲ್ದೇನೇ ಊರಿಗೆಲ್ಲ ಊಟಕ್ಕಿಕ್ತಾರಲ್ಲ, ತಿಂದೋರು ಆಡ್ಕಳದಿಲ್ವಾ?"

ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು.

ತಿಸ್ಸದ ವಿಹಾರ

ಸಂಜೆಗೆ ತಿಸ್ಸಮಹಾರಾಮ ತಲುಪಿದೆವು. ದೊಡ್ಡ ಕೆರೆಯ ಊರು. ಊರಾಚೆಯ ಒಂದು ಸಣ್ಣ ವಿಹಾರದಲ್ಲಿ ಜನ ಸೇರಿದ್ದರು. ಅಂಗಳದ ಮಧ್ಯೆ ಒಂದು ಕಂದು ಹಸು, ಪಕ್ಕೆಲುಬು ಎಣಿಸುವಷ್ಟು ಬಡಕಲು. ಕಾವಿ ಉಟ್ಟ ಹಿರಿಯ ಭಿಕ್ಷು ಮಂತ್ರ ಹೇಳುತ್ತ ಅದರ ಕೊಂಬಿಗೆ ಬಿಳಿಯ ದಾರ ಕಟ್ಟಿದರು. ಬಿಳಿ ಬಟ್ಟೆ ಉಟ್ಟ ಗಂಡಸೊಬ್ಬ ಹಗ್ಗವನ್ನು ಒಬ್ಬ ಹೆಂಗಸಿನ ಕೈಗೆ ಕೊಟ್ಟ. ಆಕೆ ಹಸುವಿನ ಗಂಗೆದೊಗಲು ನೇವರಿಸಿ, ಭಿಕ್ಷುವಿಗೆ ಅಡ್ಡಬಿದ್ದಳು.

ಸುನಿಲ್ ವಿವರಿಸಿದರು. ಆ ಗಂಡಸಿನ ಹೆಂಡತಿಗೆ ಕಾಯಿಲೆಯಾಗಿ ಈಗ ಗುಣವಾಗಿದೆ. ಅದಕ್ಕೆ ಆತ ಕಸಾಯಿಖಾನೆಗೆ ಹೊರಟಿದ್ದ ಈ ಹಸುವನ್ನು ಬಿಡಿಸಿ ತಂದಿದ್ದಾನೆ. ಈಗ ಹಗ್ಗ ಹಿಡಿದವಳು ಅವನ ಪಕ್ಕದ ಮನೆಯವಳು, ಗಂಡ ಸತ್ತವಳು. ಹಸುವನ್ನು ಅವಳು ಸಾಕಬೇಕು, ಹಾಲು ಕರೆದುಕೊಳ್ಳಬೇಕು, ಸಾಯುವವರೆಗೂ ಮಾರಬಾರದು. ಭಿಕ್ಷು ಹೇಳಿದ ಮಂತ್ರದ ಅರ್ಥವನ್ನೂ ಸುನಿಲ್ ಹೇಳಿದರು: ಕಾಣುವ ಜೀವ, ಕಾಣದ ಜೀವ, ಹತ್ತಿರದ್ದು, ದೂರದ್ದು, ಎಲ್ಲವೂ ಸುಖವಾಗಿರಲಿ ಎಂದು.

ಅತ್ತೆ ಬಹಳ ಹೊತ್ತು ಹಸುವನ್ನೇ ನೋಡುತ್ತ ನಿಂತರು. ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟಾದರು.

"ನೀವು ಮೊದ್ಲೇ ಹಿಂಗಂತ ಯೋಳ್ಕಂಡಿದ್ರಿ, ಬುಟ್ರಿ. ನಾನು ಕೊಯ್ಯಿಸ್ತೀನಿ ಅಂದಿವ್ನಿ. ನಮ್ಮ ಮಾರಮ್ಮನ್ಗ ಮಾತು ಕೊಟ್ಬುಟ್ಟು ತಪ್ಪುದ್ರ, ಅವಳು ಕೂಸ ವಾಪಸ್ ಕೇಳುದ್ರ ಯಾನ್ ಮಾಡ್ಲಿ? ಈ ಸಾಮ್ಗೋಳು ಬತ್ತಾರಾ ನಮ್ಮೂರ್ಗ ಉಳ್ಸಾಕ?"

ಇದನ್ನು ಅವರು ಕನ್ನಡದಲ್ಲೇ ಹೇಳಿದರು. ಸುನಿಲ್ ನನ್ನ ಕಡೆ ನೋಡಿದರು. ನಾನು ತಮಿಳಿಗೆ ಮಾಡಿ ಹೇಳಲಿಲ್ಲ. ನಾನು ಬಾಡೂಟವನ್ನು ಖುಷಿಯಾಗಿ ಉಣ್ಣುವವಳು. ಟಗರಿನ ವಿಷಯ ಅತ್ತೆಯದು ಎಂದುಕೊಂಡು ಇಷ್ಟು ದಿನ ದೂರವೇ ಇದ್ದೆ. 'ಕೂಸ ವಾಪಸ್' ಎಂಬ ಮಾತು ಕಿವಿಗೆ ಬಿದ್ದಾಗ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ ಸಿಂಚನಾ ನೆನಪಾದಳು. ಕಾರ್ಖಾನೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು ನಾನು, ಆದರೂ ಹೆದರಿದೆ. ಆ ಆಸ್ಪತ್ರೆಯಲ್ಲಿ ನಿಂತಿದ್ದ ಯಾವ ತಾಯಿಯಾದರೂ ಹೆದರುತ್ತಿದ್ದಳು.

ರಾತ್ರಿಯ ಊಟಕ್ಕೆ ಕುಳಿತಾಗ ಸುನಿಲ್‌ರ ತಟ್ಟೆಯಲ್ಲಿ ಮೀನಿನ ಸಾರು ಇತ್ತು. ಅತ್ತೆಯ ಕಣ್ಣಿಗೆ ಅದು ಬೀಳದೆ ಇದ್ದೀತೆ?

"ಏನಪ್ಪಾ, ಅಸ ಬುಡಿಸ್ತೀರಿ, ಮೀನ್ ತಿಂತೀರಿ?"

ಸುನಿಲ್ ಬೇಸರ ಮಾಡಿಕೊಳ್ಳಲಿಲ್ಲ. ಬೆರಳು ನೆಕ್ಕಿಕೊಂಡು, "ಆದಷ್ಟು, ಅಮ್ಮಾ. ನಮ್ಮ ಕೈಲಿ ಆದಷ್ಟು," ಎಂದರು. ತಟ್ಟೆಯ ಅಂಚಿನಲ್ಲಿ ಎತ್ತಿಟ್ಟಿದ್ದ ತುಂಡನ್ನು ಬಾಗಿಲಲ್ಲಿ ಕಾಯುತ್ತಿದ್ದ ಬೀದಿನಾಯಿಗೆ ಹಾಕಿದರು. ಆ ಊರಿನ ನಾಯಿಗಳು ಮನುಷ್ಯರನ್ನು ಕಂಡರೆ ಬಾಲ ಮುದುರುವುದಿಲ್ಲ. ಕೈ ಎತ್ತಿದರೆ ಕಲ್ಲೆಂದು ಓಡುವ ನಮ್ಮ ಬಸ್ ಸ್ಟ್ಯಾಂಡಿನ ನಾಯಿಗಳು ನನಗೆ ನೆನಪಾದವು.

ಕದಿರ್ಗಾಮ, ಆಮೇಲೆ ಕಾಡುದಾರಿ

ಕದಿರ್ಗಾಮದ ಗುಡಿ ನಮ್ಮ ಲೆಕ್ಕದಲ್ಲಿ ಗುಡಿಯೇ ಅಲ್ಲ. ಗೋಪುರವಿಲ್ಲ, ಕಾಣುವ ವಿಗ್ರಹವಿಲ್ಲ, ಒಂದು ಪರದೆ ಇದೆ ಅಷ್ಟೆ. ಹಣ್ಣಿನ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು ತಮಿಳರೂ ಸಿಂಹಳರೂ ಒಂದೇ ಸಾಲಿನಲ್ಲಿ ನಿಂತಿದ್ದರು. ಅದೇ ಬಯಲಿನಲ್ಲಿ ಒಂದು ಮಸೀದಿಯೂ ಇದೆ. ಹರಕೆ ಹೊತ್ತು ಇಲ್ಲಿಗೆ ಬರುವವರು ಮೀನು ಮಾಂಸ ಬಿಟ್ಟು ಬರುತ್ತಾರಂತೆ. ಮಾದಪ್ಪನ ಬೆಟ್ಟಕ್ಕೆ ಹೋಗುವಾಗ ನಾವೂ ಹಾಗೇ ಮಾಡುತ್ತೇವೆ. ಇದನ್ನು ಹೇಳಿದಾಗ ಅತ್ತೆ, "ಮಾದಪ್ಪನ್ಗ ಬಾಡು ಬ್ಯಾಡ, ಮಾರಮ್ಮನ್ಗ ಬೇಕು. ಒಂದೇ ಮನ ದೇವ್ರು ಹಿಂಗ್ಯಾಕ?" ಎಂದು ತಮ್ಮನ್ನೇ ಕೇಳಿಕೊಂಡರು. ಪರದೆಯ ಮುಂದೆ ಅವರು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿದ್ದರು. ಹಿಂದಿನವರು ತಳ್ಳಿದರೂ ಅಲುಗಲಿಲ್ಲ.

ಮಾರನೆಯ ಬೆಳಿಗ್ಗೆ ಸುನಿಲ್ ಬುತ್ತಲದ ಕಾಡುರಸ್ತೆ ಹಿಡಿದರು. ಬಂಡೀಪುರದಂತೆಯೇ ಕುರುಚಲು ಕಾಡು, ಅದೇ ಕೆಂಪು ಧೂಳು. ಒಂದು ತಿರುವಿನಲ್ಲಿ ಒಂಟಿ ಸಲಗ ರಸ್ತೆಯ ಮಧ್ಯೆ ನಿಂತಿತ್ತು. ನಮ್ಮ ಮುಂದಿನ ಕಾರಿನವರು ಗಾಜು ಇಳಿಸಿ ಹಣ್ಣು ಕೊಟ್ಟರು. ಆನೆ ತಿಂದು, ಆ ಕಾರನ್ನು ಬಿಟ್ಟು ನಮ್ಮ ಕಡೆ ಬಂತು.

"ನಮ್ಮ ಆಸನೂರು ರಸ್ತೇಲಿ ಕಬ್ಬಿನ ಲಾರಿ ತಡೀತಾವಲ್ಲ, ಅದ್ರ ತಮ್ಮ ಇದು," ಎಂದರು ಅತ್ತೆ. ಹೆದರಿಕೆ ಇಲ್ಲ. ಮಡಿಲಲ್ಲಿ ಕದಿರ್ಗಾಮದ ಪ್ರಸಾದದ ಬಾಳೆಹಣ್ಣಿತ್ತು. ಗಾಜಿಗೆ ಕೈ ಹಾಕಿದರು.

"ಬೇಡ ಅಮ್ಮಾ," ಎಂದರು ಸುನಿಲ್. ಅವರ ದನಿ ಗಟ್ಟಿಯಾದದ್ದು ಅದೊಂದೇ ಸಲ. "ಹೀಗೆ ಕೊಟ್ಟು ಕೊಟ್ಟೇ ಇವು ರಸ್ತೆಗೆ ಬರುವುದು ಕಲಿತವು. ನಾಳೆ ಲಾರಿಗೆ ಸಿಕ್ಕಿ ಸಾಯುತ್ತವೆ, ಇಲ್ಲ ಯಾರನ್ನಾದರೂ ಕೊಲ್ಲುತ್ತವೆ. ಪ್ರೀತಿ ಇದ್ದರೆ ಏನೂ ಕೊಡಬೇಡಿ, ಅದರ ಪಾಡಿಗೆ ಬಿಡಿ."

ಸೊಂಡಿಲು ಗಾಜಿನ ಮೇಲೆ ಒದ್ದೆ ಗುರುತು ಮಾಡಿ ಸುತ್ತಾಡಿತು. ಅತ್ತೆ ಎರಡೂ ಕೈಯಲ್ಲಿ ಹಣ್ಣನ್ನು ಅವುಚಿಕೊಂಡು ಕುಳಿತಿದ್ದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗಲೆಲ್ಲ ಕಾಡಿನ ಕಡೆ ತಿರುಗಿ ಕೈಮುಗಿಯುವ ಹೆಂಗಸು ಅವರು. ಕೈಗೆಟುಕುವಷ್ಟು ಹತ್ತಿರ ಆನೆ ಬಂದಾಗ ಒಂದು ಹಣ್ಣನ್ನೂ ಕೊಡದೆ ಕೂರುವುದು ಅವರಿಗೆ ಎಷ್ಟು ಕಷ್ಟವಾಯಿತೆಂದು ನಾನು ಬಲ್ಲೆ. ಆನೆ ಬೇಸತ್ತು ಕಾಡಿಗೆ ಇಳಿಯಿತು.

ಅಂದು ಸಂಜೆ ಕೆಂಪಮ್ಮನಿಗೆ ಫೋನ್ ಮಾಡಿದಾಗ ಅತ್ತೆ 'ಅದರ' ಬಗ್ಗೆ ಕೇಳಲಿಲ್ಲ. ಅವಳೇ ಟಗರಿನ ಮುಂದೆ ಫೋನ್ ಹಿಡಿದರೆ, ಮುಖ ತಿರುಗಿಸಿಕೊಂಡರು.

ನಮ್ಮೂರು, ಮಂಗಳವಾರ

ಮನೆ ಬಾಗಿಲಲ್ಲಿ ಟಗರು ಅತ್ತೆಯನ್ನು ಕಂಡು ಗೂಟ ಕಿತ್ತುಕೊಳ್ಳುವಂತೆ ಜಗ್ಗಿತು. ಕೆಂಪಮ್ಮ ಹೇಳಿದ ಮಾತಿನಂತೆ ಅದು ದುಂಡಗಾಗಿತ್ತು. ಹಬ್ಬದ ಹಿಂದಿನ ದಿನ ಅತ್ತೆ ಜಗಲಿಯ ಮೇಲೆ ಕೂತು ಕೆಂಪಮ್ಮನಿಗೆ ಮನಸ್ಸು ಬಿಚ್ಚಿದರು. ಕೊಯ್ಯಲು ತಮಗೆ ಆಗುತ್ತಿಲ್ಲ, ಕೇರಿಗೆ ಕಾಳು ಸಾರು ಮುದ್ದೆ ಹಾಕುತ್ತೇನೆ, ಏನಂತೀಯ ಎಂದರು.

ಕೆಂಪಮ್ಮ ಕಿಡಿಕಿಡಿಯಾದಳು. "ಲಂಕಗ ಓಗಿ ಇದ್ನ ಕಲ್ತ್ಕ ಬಂದ್ಯಾ? ನಂಗ ಬಾಡು ಬ್ಯಾಡ ಕಣ್ ಚಿಕ್ತಾಯಿ, ಬಾಡು ಸುಡ್ಲಿ. ಆ ಕೂಸು ನನ್ನ ತೊಡ ಮೇಲ ಉಸ್ರು ಎಳೀತಿತ್ತು, ನೀ ನೋಡ್ನಿಲ್ಲ, ನಾ ನೋಡಿವ್ನಿ. ಅವ್ವನ ಹರಕ ತಪ್ಪಿ ಅದ್ಕ ಇನ್ನೊಂದ್ ದಪ ಏನಾರ ಆದ್ರ, ನಾ ತಡಕಳಲ್ಲ." ಅಷ್ಟು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದುಹೋದಳು. ಅವಳು ಹೇಳಿದ್ದು ನನ್ನ ಮನಸ್ಸಿನದೇ ಮಾತು.

ಕೊನೆಗೆ ಅತ್ತೆ ಹೇಳಿದ್ದು ಇಷ್ಟು: "ಅವ್ವ ಕೇಳುದ್ರ ಕೊಡ್ತೀನಿ. ಅವಳೇ ಯೋಳ್ಲಿ." ಸಾರಿಗೆಂದು ಅವರೆಕಾಳು ನೆನೆಹಾಕಿದರು, ಬಾಡಿನ ಸಾರಿಗೆ ಮಸಾಲೆಯನ್ನೂ ಅರೆದಿಟ್ಟರು.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಕೇರಿಯೆಲ್ಲ ನೆರೆದಿತ್ತು. ಟಗರಿನ ಕೊಂಬಿಗೆ ಬೇವಿನಸೊಪ್ಪು, ಹಣೆಗೆ ಕುಂಕುಮ. ಅತ್ತೆ ಹಗ್ಗ ಹಿಡಿದು ನಿಂತಿದ್ದರು. ಸಿಂಚನಾ ನನ್ನ ಸೊಂಟಕ್ಕೆ ಒರಗಿದ್ದಳು. ಕೊಯ್ಯುವವನು ಕತ್ತಿಯನ್ನು ಕಲ್ಲಿಗೆ ಉಜ್ಜಿ ಪಕ್ಕಕ್ಕೆ ಕೂತ. ಪೂಜಾರಿ ಬಿಂದಿಗೆ ಎತ್ತಿ ಅರಿಶಿನದ ನೀರನ್ನು ಟಗರಿನ ಬೆನ್ನ ಮೇಲೆ ಸುರಿದ. ಅದರ ಚರ್ಮ ಅದುರತೊಡಗಿತು.

ಅತ್ತೆ ಬಾಗಿ, ತಮ್ಮ ಸೆರಗಿನಿಂದ ಅದರ ಬೆನ್ನು ಒರೆಸಿಬಿಟ್ಟರು.

ಜನ ಗುಸುಗುಸು ಎಂದರು. "ಏನವ್ವ ಮಾಡ್ತಿದ್ದೀಯ? ಅದು ಒದರ್ಬೇಕಲ್ಲ," ಎಂದ ಪೂಜಾರಿ.

"ಚಳಿ ಆಯ್ತದ ಅದ್ಕ," ಎಂದರು ಅತ್ತೆ. ಅವ್ವನೇ ಹೇಳಲಿ ಎಂದಿದ್ದವರು ಅವರೇ. ಕೈ ಮಾತ್ರ ಕೇಳಲಿಲ್ಲ.

ಎರಡನೆಯ ಸಲವೂ ಹಾಗೇ ಆಯಿತು. ಪೂಜಾರಿ ಅತ್ತೆಯ ಮುಖವನ್ನು ನೋಡಿ, "ಇದೆಂಥ ಹರಕ ಚಿಕ್ತಾಯಮ್ಮ?" ಎಂದ.

"ನನ್ನ ಕೈಲಿ ಆದಷ್ಟು ಕಣಪ್ಪ."

ಪೂಜಾರಿ ಬಿಂದಿಗೆಯಲ್ಲಿದ್ದಷ್ಟನ್ನೂ ಸುರಿದ. ಅತ್ತೆಯ ಸೆರಗು ಆಗಲೇ ತೊಯ್ದು ತೊಪ್ಪೆಯಾಗಿತ್ತು. ಅವರು ಈ ಕಡೆ ಒರೆಸುವಷ್ಟರಲ್ಲಿ ಆ ಕಡೆಯ ಪಕ್ಕೆಯಿಂದ ನೀರು ಇಳಿಯತೊಡಗಿತು. ಟಗರು ಕಾಲಗಲಿಸಿ, ತಲೆ ತಗ್ಗಿಸಿ, ಒದರಲು ಮೈ ಬಿಗಿಹಿಡಿಯಿತು. ನಾನು ಸಿಂಚನಾಳ ಭುಜವನ್ನು ಗಟ್ಟಿಯಾಗಿ ಹಿಡಿದೆ.

ಆಗ ಜನರ ನಡುವಿನಿಂದ ಕೆಂಪಮ್ಮ ಬಂದಳು. ಅತ್ತೆಯನ್ನು ಎಳೆದುಹಾಕಲು ಬಂದಳೆಂದುಕೊಂಡೆ. ಅವಳು ಟಗರಿನ ಆ ಮಗ್ಗುಲಿಗೆ ಮಂಡಿಯೂರಿ ಕೂತು, ತನ್ನ ಹಬ್ಬದ ಸೀರೆಯ ಸೆರಗನ್ನು ಬಿಚ್ಚಿ ಅದರ ಮೈಮೇಲೆ ಹಾಕಿ, ಎರಡೂ ತೋಳುಗಳಿಂದ ತಬ್ಬಿ ಹಿಡಿದಳು. ಅವಳ ಮುಖ ಭಯದಿಂದ ಬಿಳಿಚಿಕೊಂಡಿತ್ತು. ಗುಡಿಯ ಕಡೆ ನೋಡದೆ ಅತ್ತೆಯ ಕಡೆಗೇ ನೋಡಿ ಹೇಳಿದಳು:

"ಒರಸು, ಒರಸು. ಅವ್ವನ ಕ್ವಾಪ ಬಂದ್ರ ನಿನ್ನೊಬ್ಬಳ ಮೇಲ್ಯಾಕ ಬರ್ಬೇಕು, ನಮ್ಮಿಬ್ರ ಮೇಲೂ ಬರ್ಲಿ ಬುಡು."